ಪೋಪನ ಪಾದ್ರಿ, ರಾಜನ ಪಾದ್ರಿ

ಅಂಕೋಲೆ ಕಡೆಯ ನಮ್ಮೂರಿನಲ್ಲಿ ಕ್ರಿಶ್ಚನರು ಅಂದರೆ ಎಲ್ಲ ಒಂದೇ ಲೆಕ್ಕ. ಇಗರ್ಜಿಗೆ ಹೋಗ್ತಾರೆ, ಮನೇಲಿ ಕೊಂಕಣಿ ಮಾತಾಡ್ತಾರೆ, ಕ್ರಿಸ್‌ಮಸ್ ಬಂದರೆ ಅಕ್ಕಪಕ್ಕದ ಮನೆಗಳಿಗೆ ನೆವ್ರಿ, ದೋದೋಲ್ ಕಳಿಸ್ತಾರೆ. ಅವರಲ್ಲೂ ಪಂಗಡ ಇದೆ, ಒಂದು ಪೋಪನನ್ನು ಒಪ್ಪುತ್ತೆ, ಇನ್ನೊಂದು ಒಪ್ಪೋದಿಲ್ಲ ಅನ್ನೋದನ್ನ ಹೇಳಿದ್ದು ಹೈಸ್ಕೂಲಿನ ಸಮಾಜ ವಿಜ್ಞಾನದ ಪುಸ್ತಕ. ಮಾರ್ಟಿನ್ ಲೂಥರ್, 1517, ಜರ್ಮನಿ, 95 ವಾದಗಳು. ಎರಡು ಮಾರ್ಕಿನ ಪ್ರಶ್ನೆ. ಉತ್ತರ ಬಾಯಿಪಾಠ ಮಾಡಿ ಬರೆದು ಮರೆತುಬಿಡುವಂಥದ್ದು. ಎಲ್ಲಿಯ ಲೂಥರ್, ಎಲ್ಲಿಯ ಕಾಳಿ ನದಿ!

ಬೆಂಗಳೂರಿಗೆ ಬಂದ ಮೇಲೆ ನನಗೆ ಹತ್ತಿದ ವೀಕೆಂಡ್ ಹುಚ್ಚು ಅಂದರೆ ನಮ್ಮ ಕರಾವಳಿಯ ಹಳೇ ಗೆಜೆಟಿಯರ್‌ಗಳನ್ನ, ಪ್ರವಾಸಿಗಳ ಬರಹಗಳನ್ನ ಓದೋದು. ಹಾಗೆ ಓದ್ತಾ ಒಂದು ವಿಚಿತ್ರ ಪದೇ ಪದೇ ಎದುರಾಗತೊಡಗಿತು. ಪೋಪ್ ಅಂದರೆ ಸೈತಾನನ ಕಡೆಯವನು ಅಂತ ತಮ್ಮ ಊರಿನಲ್ಲಿ ನಂಬಿದ್ದ ಇಂಗ್ಲಿಷರು, ಡಚ್ಚರು, ಇಲ್ಲಿಗೆ ಬಂದಾಗ ಅದೇ ಪೋಪ್ ಕಳಿಸಿದ ಪಾದ್ರಿಗಳನ್ನ ಕರೆದು ಜಾಗ ಕೊಟ್ಟು ಕೂರಿಸಿಕೊಂಡರು. ಹೊರಗೆ ಹಾಕಿದ್ದು ಬೇರೆ ಪಾದ್ರಿಗಳನ್ನ. ಅವರೂ ಕ್ಯಾಥೊಲಿಕರೇ! ಒಂದು ಕಡೆ ಹೀಗಾಗಿದ್ದರೆ ಯಾರೋ ಒಬ್ಬ ಅಧಿಕಾರಿಯ ತಲೆತಿರುಕು ಅನ್ನಬಹುದಿತ್ತು. ಮದ್ರಾಸು, ಕೊಚ್ಚಿ, ಮುಂಬೈ ಮೂರೂ ಕಡೆ ಇದೇ ಕತೆ. ಆ ಕತೆಯಲ್ಲಿ ನಮ್ಮ ಕಾರವಾರದ ಸುಂಕೇರಿಗೂ ಒಂದು ಪಾತ್ರ ಇದೆ.

ಮೊದಲು ದ್ವೇಷ ಎಷ್ಟಿತ್ತು ನೋಡಿ. 1570ರಲ್ಲಿ ಪೋಪ್ ಐದನೇ ಪಿಯುಸ್ ಇಂಗ್ಲೆಂಡಿನ ರಾಣಿ ಎಲಿಜಬೆತ್‌ಗೆ ಬಹಿಷ್ಕಾರ ಹಾಕಿದ. ಬರೀ ಬಹಿಷ್ಕಾರ ಅಲ್ಲ, ಇಂಗ್ಲೆಂಡಿನ ಪ್ರಜೆಗಳು ಆಕೆಗೆ ವಿಧೇಯರಾಗಿರಬೇಕಾದ್ದಿಲ್ಲ ಅಂತಲೂ ಆಜ್ಞಾಪತ್ರ ಹೊರಡಿಸಿದ. ಅಲ್ಲಿಂದ ಮುಂದೆ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಅಂದರೆ ಬೇರೆ ಪೂಜೆಯವನು ಮಾತ್ರ ಅಲ್ಲ, ದೇಶದ್ರೋಹದ ಗುಮಾನಿಯ ಮನುಷ್ಯ. 1605ರಲ್ಲಿ ಕೆಲವು ಕ್ಯಾಥೊಲಿಕರು ಪಾರ್ಲಿಮೆಂಟನ್ನೇ ಮದ್ದಿಟ್ಟು ಹಾರಿಸಲು ಹೋಗಿ ಸಿಕ್ಕಿಬಿದ್ದರು. ಆ ದಿನ, ನವೆಂಬರ್ 5ಕ್ಕೆ, ಚರ್ಚುಗಳಲ್ಲಿ ವಿಶೇಷ ಪ್ರಾರ್ಥನೆ ಶುರುವಾಯಿತು. 1859ರವರೆಗೂ ಅದು ಅಧಿಕೃತ ಪ್ರಾರ್ಥನಾ ಪುಸ್ತಕದಲ್ಲಿತ್ತು. 1640ರ ದಶಕದಲ್ಲಿ ಪ್ರೊಟೆಸ್ಟೆಂಟ್ ಪಂಡಿತರು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕೂತು ಬರೆದ ನಂಬಿಕೆಯ ಪ್ರಮಾಣದಲ್ಲಿ ಪೋಪನೇ ಕ್ರಿಸ್ತವೈರಿ ಅಂತ ನೇರವಾಗಿ ಬರೆದರು. 1673ರ ಕಾನೂನಿನ ಪ್ರಕಾರ ಸರ್ಕಾರಿ ಹುದ್ದೆ ಬೇಕಾದರೆ ಕ್ಯಾಥೊಲಿಕ್ ಪೂಜೆಯ ಮೂಲ ನಂಬಿಕೆಯನ್ನೇ ಅಲ್ಲಗಳೆದು ಪ್ರಮಾಣ ಮಾಡಬೇಕು. 1701ರ ಕಾನೂನು ಕ್ಯಾಥೊಲಿಕರಿಗೆ ಸಿಂಹಾಸನದ ಬಾಗಿಲನ್ನೇ ಮುಚ್ಚಿತು.

ಇಂಥ ಊರಿನಿಂದ ಹೊರಟವರು 1638ರಲ್ಲಿ ಕಾರವಾರಕ್ಕೆ ಬಂದಿಳಿದರು. ಈಗಿನ ಕಾರವಾರ ಅಲ್ಲ, ಅದು ಜಿಲ್ಲಾ ಕೇಂದ್ರವಾಗಿ ಬೆಳೆದದ್ದು 1862ರ ನಂತರ. ಆಗಿನದು ಕಾಳಿ ದಂಡೆಯಲ್ಲಿ ಸ್ವಲ್ಪ ಒಳಗೆ, ಕಡವಾಡದ ಕಡೆ. ಮೊದಲು ಬಂದದ್ದು ವಿಲಿಯಂ ಕೋರ್ಟೀನ್‌ನ ಕಂಪನಿ, ಆಮೇಲೆ ಈಸ್ಟ್ ಇಂಡಿಯಾ ಕಂಪನಿ. ಬೇಕಾಗಿದ್ದದ್ದು ಕಾಳುಮೆಣಸು, ಮತ್ತು ಘಟ್ಟದ ಮೇಲೆ ಹುಬ್ಬಳ್ಳಿ ಸೀಮೆಯಲ್ಲಿ ನೇಯುತ್ತಿದ್ದ ತೆಳು ಬಟ್ಟೆ. 1670ರ ದಶಕದಲ್ಲಿ ಜಾನ್ ಫ್ರೈಯರ್ ಅನ್ನುವ ಕಂಪನಿ ಡಾಕ್ಟರ್ ಇಲ್ಲಿದ್ದ. ಗೋಕರ್ಣದ ಜಾತ್ರೆ ನೋಡೋದಕ್ಕೆ ಹೋದ, ದಾರಿಯಲ್ಲಿ ಅಂಕೋಲೆಯ ಅರ್ಧ ಪೇಟೆ ಸುಟ್ಟು ಬಿದ್ದದ್ದನ್ನ ಕಂಡ. ಅಂದ ಹಾಗೆ ಈ ಇಂಗ್ಲಿಷರನ್ನ ಕಾರವಾರದಿಂದ ಹೆಚ್ಚುಕಮ್ಮಿ ಓಡಿಸುವ ಪರಿಸ್ಥಿತಿ ಬಂದದ್ದು 1684ರಲ್ಲಿ. ಕಾರಣ ಪೋಪ್ ಅಲ್ಲ, ದನ. ಒಂದು ಸಣ್ಣ ಹಡಗಿನ ಖಲಾಸಿಗಳು ದನ ಕದ್ದು ಕೊಂದಿದ್ದರು. ಪೋಪನ ಬಗ್ಗೆ ಅವರು ಏನು ನಂಬಿದ್ದರು ಅನ್ನೋದು ನಮ್ಮ ಊರಿನವರಿಗೆ ಬೇಕಿರಲಿಲ್ಲ.

ಆದರೆ ಇಂಗ್ಲಿಷರಿಗೆ ಬೇಕಿತ್ತು. ಯಾಕೆಂದರೆ ಕಾಳಿ ದಾಟಿ ಮಾಜಾಳಿ ಕಳೆದರೆ ಗೋವಾ. ಪೋರ್ಚುಗಲ್ ರಾಜನ ಊರು, ಇನ್‌ಕ್ವಿಜಿಷನ್ ಇದ್ದ ಊರು. ಅದರ ಭಯಕ್ಕೇ ಅಲ್ಲವೇ ನಮ್ಮ ಸಾರಸ್ವತರಲ್ಲಿ ಎಷ್ಟೋ ಮನೆತನಗಳು ದೇವರನ್ನ ಹೊತ್ತುಕೊಂಡು ನದಿ ದಾಟಿ ಕಾರವಾರ, ಅಂಕೋಲೆ, ಕುಮಟೆಗೆ ಬಂದು ನೆಲೆಸಿದ್ದು. ಪ್ರೊಟೆಸ್ಟೆಂಟ್ ಇಂಗ್ಲಿಷನಿಗೂ ಅದೇ ಭಯ.

ಹಾಗಂತ ಗೋವಾದಲ್ಲಿ ಇಂಗ್ಲಿಷರೇ ಇರಲಿಲ್ಲ ಅಂತಲ್ಲ. ಒಬ್ಬ ಇದ್ದ. ಥಾಮಸ್ ಸ್ಟೀಫನ್ಸ್. ಎಲಿಜಬೆತ್‌ಳ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕನಾಗಿ ಬದುಕೋದು ಕಷ್ಟ ಅಂತ ರೋಮಿಗೆ ಹೋಗಿ ಜೆಸ್ವಿಟ್ ಪಾದ್ರಿಯಾಗಿ, 1579ರ ಅಕ್ಟೋಬರಿನಲ್ಲಿ ಗೋವಾಕ್ಕೆ ಬಂದವನು. ಸಾಯುವ ತನಕ, ಅಂದರೆ 1619ರವರೆಗೆ, ಹೆಚ್ಚೂಕಡಿಮೆ ಸಾಲ್ಸೆಟ್ ಸೀಮೆಯಲ್ಲೇ ಇದ್ದ. ಕೊಂಕಣಿ ಕಲಿತ, ಮರಾಠಿ ಕಲಿತ, ನಮ್ಮ ಪುರಾಣಗಳ ಧಾಟಿಯಲ್ಲಿ ಸುಮಾರು 11,000 ಓವಿಗಳ ‘ಕ್ರಿಸ್ತ ಪುರಾಣ’ ಬರೆದ. 1616ರಲ್ಲಿ ಅದು ಅಚ್ಚಾಯಿತು. ಅವನು ಬರೆದ ಕೊಂಕಣಿ ವ್ಯಾಕರಣ 1640ರಲ್ಲಿ, ಅವನು ಸತ್ತ ಮೇಲೆ ಅಚ್ಚಾಯಿತು. ಅದರ ಹೆಸರಿನಲ್ಲಿ ಕೊಂಕಣಿಯನ್ನ ‘ಕಾನಾರಿಂ’ ಅಂತ ಕರೆದಿದ್ದಾನೆ. ಆ ಹೆಸರಿನ ಗೊಂದಲ ಬೇರೆಯೇ ಒಂದು ಲೇಖನಕ್ಕಾಗುವಷ್ಟಿದೆ, ಇವತ್ತು ಬೇಡ.

1583ರಲ್ಲಿ ಗೋವಾದ ಜೈಲಿಗೆ ನಾಲ್ವರು ಇಂಗ್ಲಿಷರನ್ನ ತಂದು ಹಾಕಿದರು. ಜಾನ್ ನ್ಯೂಬೆರಿ, ರಾಲ್ಫ್ ಫಿಚ್ ಅನ್ನುವ ಇಬ್ಬರು ವ್ಯಾಪಾರಿಗಳು, ಲೀಡ್ಸ್ ಅನ್ನುವ ರತ್ನದ ಕೆಲಸದವನು, ಸ್ಟೋರಿ ಅನ್ನುವ ಚಿತ್ರಗಾರ. ಹೊರ್ಮುಜ್‌ನಲ್ಲಿ ಹಿಡಿದು ಕಳಿಸಿದ್ದು. ಗೂಢಚಾರರು, ಮೇಲಾಗಿ ಧರ್ಮಭ್ರಷ್ಟರು ಅನ್ನುವ ಅನುಮಾನ. ಅವರನ್ನ ಜಾಮೀನಿನ ಮೇಲೆ ಬಿಡಿಸೋಕೆ ಓಡಾಡಿದ್ದು ಯಾರು? ಇದೇ ಸ್ಟೀಫನ್ಸ್. ಯಾವ ಧರ್ಮದವರ ಕಾಟಕ್ಕೆ ತನ್ನ ಊರು ಬಿಟ್ಟಿದ್ದನೋ ಅದೇ ಧರ್ಮದವರ ಪರವಾಗಿ. ಹೊರಗೆ ಬಂದ ಮೇಲೆ ಸ್ಟೋರಿ ಗೋವಾದಲ್ಲೇ ಉಳಿದು ಜೆಸ್ವಿಟರಿಗೆ ಚಿತ್ರ ಬರೆದುಕೊಂಡಿದ್ದ. ಉಳಿದ ಮೂವರು 1584ರಲ್ಲಿ ತಪ್ಪಿಸಿಕೊಂಡು ಘಟ್ಟ ಹತ್ತಿ ಬೆಳಗಾವಿ, ಬಿಜಾಪುರದ ಹಾದಿ ಹಿಡಿದರು. ‘ನಮ್ಮ ಊರಿನವ’ ಅನ್ನುವ ಮಾತಿಗೆ ಧರ್ಮಕ್ಕಿಂತ ತೂಕ ಜಾಸ್ತಿ ಇರಬಹುದು ಅನ್ನೋದು ಈ ಕರಾವಳಿಯಲ್ಲಿ ನನಗೆ ಸಿಕ್ಕ ಮೊದಲ ಸುಳಿವು.

ಎರಡನೇ ಸುಳಿವಿಗೆ ಸ್ವಲ್ಪ ಹಿನ್ನೆಲೆ ಬೇಕು. ಪೋರ್ಚುಗೀಸರು ಸಮುದ್ರಕ್ಕಿಳಿದ ಕಾಲದಲ್ಲಿ ಪೋಪ್‌ಗಳು ಆ ರಾಜನಿಗೆ ಒಂದು ಹಕ್ಕು ಬರೆದುಕೊಟ್ಟರು. ನೀನು ಗೆದ್ದ ಕಡೆಯೆಲ್ಲ ಇಗರ್ಜಿ ಕಟ್ಟು, ಖರ್ಚು ನೋಡಿಕೋ, ಬಿಷಪ್‌ಗಳ ಹೆಸರು ನೀನೇ ಸೂಚಿಸು. ಇದಕ್ಕೆ ಪದ್ರುವಾದೊ ಅಂತ ಹೆಸರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪೋಪ್ ಒಬ್ಬ ವೆಂಡರ್‌ಗೆ ಅಡ್ಮಿನ್ ರೈಟ್ಸ್ ಕೊಟ್ಟ, ಎಕ್ಸ್‌ಪೈರಿ ಡೇಟ್ ಹಾಕೋದು ಮರೆತ. ನೂರು ವರ್ಷ ಆದ ಮೇಲೆ ಪೋರ್ಚುಗಲ್ ಸೊರಗಿತು, ಹೊಸ ಜಾಗಕ್ಕೆ ಪಾದ್ರಿ ಕಳಿಸುವ ತಾಕತ್ತು ಇಲ್ಲ, ಆದರೆ ಪಾಸ್‌ವರ್ಡ್ ಬಿಟ್ಟುಕೊಡೋದಿಲ್ಲ! 1622ರಲ್ಲಿ ಪೋಪ್ ಹದಿನೈದನೇ ಗ್ರೆಗರಿ ರೋಮಿನಲ್ಲೇ ಧರ್ಮಪ್ರಚಾರಕ್ಕೆ ಹೊಸ ಕಚೇರಿ ತೆರೆದ. ಪ್ರೊಪಗಾಂಡ ಅನ್ನುವ ಶಬ್ದ ಜಗತ್ತಿಗೆ ಬಂದದ್ದು ಆ ಕಚೇರಿಯ ಹೆಸರಿನಿಂದಲೇ. ಅಲ್ಲಿಂದ ನೇರವಾಗಿ ನೇಮಕವಾಗಿ ಬಂದವರು ಪೋಪನ ಪಾದ್ರಿಗಳು, ಗೋವಾದ ಆರ್ಚ್‌ಬಿಷಪ್ ಕೈಕೆಳಗಿನವರು ರಾಜನ ಪಾದ್ರಿಗಳು. ದೇವರು ಒಂದೇ, ಪೂಜೆ ಒಂದೇ, ಪೋಪನೂ ಒಬ್ಬನೇ. ಜಗಳ ಅಧಿಕಾರದ್ದು. ನಮ್ಮ ಕಡೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಸಾರಸ್ವತರ ಮದುವೆ ಮಾತುಕತೆಯಲ್ಲಿ ‘ನಿಮ್ಮದು ಪರ್ತಗಾಳಿಯೋ, ಕವಳೆಯೋ, ಚಿತ್ರಾಪುರವೋ’ ಅಂತ ಕೇಳದೆ ಕಾಫಿ ಮುಂದಕ್ಕೆ ಬರೋದಿಲ್ಲ. ಯಾವ ಮಠದ ಶಿಷ್ಯರು, ಗುರುಕಾಣಿಕೆ ಎಲ್ಲಿಗೆ ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ಕನ್ನಡ ಕ್ಯಾಥೊಲಿಕರು ಪೋಪನಿಗೆ ‘ಜಗದ್ಗುರು’ ಅನ್ನುತ್ತಾರೆ; ಆ ಶಬ್ದವನ್ನ ಅವರು ಸುಮ್ಮನೆ ಆರಿಸಿಕೊಂಡಿದ್ದಲ್ಲ ಅನಿಸುತ್ತೆ.

ಈ ಜಗಳ ಕೆನರಾಕ್ಕೆ ಬಂದದ್ದು 1670ರ ದಶಕದಲ್ಲಿ. ರೋಮ್ ನಮ್ಮ ಕರಾವಳಿಗೆ ಥಾಮಸ್ ದೆ ಕಾಸ್ತ್ರೊ ಅನ್ನುವ ಬಿಷಪನನ್ನ ನೇಮಿಸಿತು. ಹುಟ್ಟಿನಿಂದ ಗೋವಾದವನೇ. ಗೋವಾದ ಆರ್ಚ್‌ಬಿಷಪ್ ಒಪ್ಪಲಿಲ್ಲ: ಇದು ರಾಜನ ಹಕ್ಕಿಗೆ ಒಳಪಟ್ಟ ಸೀಮೆ, ರೋಮ್ ಯಾರು ಕಳಿಸೋಕೆ? ಪೋಪನನ್ನ ಜಗದ್ಗುರು ಅಂತ ಒಪ್ಪಿದವರೇ ಪೋಪ್ ಕಳಿಸಿದವನನ್ನ ಒಪ್ಪೋದಿಲ್ಲ ಅಂದರು. ಊರವರ ಪಾಡು ನೋಡಿ. ಒಬ್ಬ ಮಾಡಿಸಿದ ಮದುವೆ ಮದುವೆಯೇ ಅಲ್ಲ ಅಂತ ಇನ್ನೊಬ್ಬನ ಕಡೆಯವರು. ಯಾರ ಹತ್ತಿರ ಪಾಪನಿವೇದನೆ ಮಾಡಬೇಕು, ಸಾಯುವಾಗ ಯಾರನ್ನ ಕರೆಸಬೇಕು? ಯಾವ ತಪ್ಪೂ ಮಾಡದೆ ನರಕದ ಹೆದರಿಕೆ.

1681ರಲ್ಲಿ ಗೋವಾ ಇಲ್ಲಿಗೆ ತನ್ನ ಪ್ರತಿನಿಧಿಯಾಗಿ ಮೂವತ್ತು ವರ್ಷದ ಒಬ್ಬ ಗೋವಾದ ಪಾದ್ರಿಯನ್ನ ಕಳಿಸಿತು. ಜೋಸೆಫ್ ವಾಜ್. ರಾಜನ ಕಡೆಯವನಾಗಿ ಬಂದವನು ದೆ ಕಾಸ್ತ್ರೊ ಜೊತೆ ಜಟಾಪಟಿಗೆ ಇಳಿಯಬೇಕಿತ್ತು. ಇವನು ಹೋಗಿ ಮಾತಾಡಿ, ರೋಮಿನಿಂದ ಕೊನೆಯ ತೀರ್ಮಾನ ಬರುವ ತನಕ ಜನರಿಗೆ ತೊಂದರೆ ಆಗದ ಹಾಗೆ ಒಂದು ಹೊಂದಾಣಿಕೆ ಮಾಡಿಕೊಂಡ. ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರ, ಮಂಗಳೂರು ಅಂತ ಓಡಾಡಿ 1684ರಲ್ಲಿ ಗೋವಾಕ್ಕೆ ಮರಳಿದ. ಮುಂದೆ ಅವನ ಕತೆ ಸಿಂಹಳಕ್ಕೆ ಹೋಗುತ್ತೆ. ಅಲ್ಲಿ ನಿಜವಾದ ಪ್ರೊಟೆಸ್ಟೆಂಟ್ ಪೆಟ್ಟು ಏನು ಅಂತ ಗೊತ್ತಾಗುತ್ತೆ.

ಸಿಂಹಳದ ಕರಾವಳಿಯನ್ನ ಪೋರ್ಚುಗೀಸರಿಂದ ಕಿತ್ತುಕೊಂಡ ಡಚ್ಚರು ಕಟ್ಟಾ ಪ್ರೊಟೆಸ್ಟೆಂಟರು. 1658ರಲ್ಲಿ ಅವರು ಡಂಗುರ ಸಾರಿದ್ದರು: ಕ್ಯಾಥೊಲಿಕ್ ಪಾದ್ರಿಗೆ ಮನೆಯಲ್ಲಿ ಜಾಗ ಕೊಟ್ಟವರಿಗೆ ಮರಣದಂಡನೆ. ಪಾದ್ರಿಗಳನ್ನೆಲ್ಲ ಓಡಿಸಿದರು, ಇಗರ್ಜಿಗಳನ್ನ ತಮ್ಮ ಪಂಥದವಾಗಿ ಮಾಡಿಕೊಂಡರು. ಊರಿನ ಕ್ಯಾಥೊಲಿಕರು ವರ್ಷಗಟ್ಟಲೆ ಪಾದ್ರಿಯ ಮುಖ ಕಾಣಲಿಲ್ಲ. 1686ರಲ್ಲಿ ವಾಜ್ ಗೋವಾದಿಂದ ಕಾಲುನಡಿಗೆಯಲ್ಲಿ ತೆಂಕಣಕ್ಕೆ ಹೊರಟ, 1687ರಲ್ಲಿ ಭಿಕ್ಷುಕನ ವೇಷದಲ್ಲಿ ಜಾಫ್ನಾ ಸೇರಿದ. ಕತ್ತಲೆಯಾದ ಮೇಲೆ ಪೂಜೆ, ಬೆಳಗಾದರೆ ಭಿಕ್ಷೆ. ಡಚ್ಚರ ಕೈಯಿಂದ ತಪ್ಪಿಸಿಕೊಂಡು ಬೌದ್ಧ ರಾಜನಿದ್ದ ಕ್ಯಾಂಡಿಗೆ ಹೋದರೆ ಪೋರ್ಚುಗೀಸ್ ಗೂಢಚಾರ ಅಂತ ಅಲ್ಲೂ ಜೈಲು! ಆಮೇಲೆ ರಾಜನಿಗೆ ನಂಬಿಕೆ ಬಂತು, ಕೆಲಸ ಮಾಡಲು ಬಿಟ್ಟ. 1711ರಲ್ಲಿ ವಾಜ್ ಅಲ್ಲೇ ತೀರಿಕೊಂಡ. 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೋಕ್ಕೆ ಬಂದು ಅವನನ್ನ ಸಂತ ಅಂತ ಘೋಷಿಸಿದರು.

ನನಗೆ ಕುತೂಹಲ ಆಗೋದು ಇಲ್ಲಿ. ಕ್ಯಾಂಡಿಯ ಬೌದ್ಧ ರಾಜ ವಾಜ್‌ನನ್ನ ಜೈಲಿಗೆ ಹಾಕಿದ ಕಾರಣ ಪೋಪ್ ಅಲ್ಲ, ಪೋರ್ಚುಗಲ್. ಡಚ್ಚರದ್ದೂ ಪೂರ್ತಿ ಪೋಪ್ ವಿರೋಧವೇ ಆಗಿದ್ದರೆ ಎಲ್ಲ ಕಡೆ ಒಂದೇ ಕಾನೂನು ಇರಬೇಕಿತ್ತಲ್ಲ? ಇರಲಿಲ್ಲ. ಅದೇ ಡಚ್ಚರು 1663ರಲ್ಲಿ ಕೊಚ್ಚಿ ಗೆದ್ದಾಗ ಪೋರ್ಚುಗೀಸ್ ಪಾದ್ರಿಗಳನ್ನ ಓಡಿಸಿದರು, ಆದರೆ ಪೋಪ್ ಕಳಿಸಿದ ಕಾರ್ಮೆಲೈಟ್ ಸಂನ್ಯಾಸಿಗಳಿಗೆ ವರಾಪುಳದಲ್ಲಿ ನೆಲೆಯೂರಲು ಕ್ರಮೇಣ ಬಿಟ್ಟರು. 1698ರಲ್ಲಿ ಆಸ್ಟ್ರಿಯಾದ ಕ್ಯಾಥೊಲಿಕ್ ಚಕ್ರವರ್ತಿ ಲಿಯೊಪೋಲ್ಡ್ ಮಧ್ಯೆ ಬಂದು ಒಪ್ಪಂದವೇ ಆಯಿತು: ಮಲಬಾರಿನಲ್ಲಿ ಒಬ್ಬ ಬಿಷಪ್, ಹನ್ನೆರಡು ಕಾರ್ಮೆಲೈಟರು ಇರಬಹುದು. ಷರತ್ತು ಏನು ಗೊತ್ತಾ? ಅವರು ಪೋರ್ಚುಗೀಸರು, ಸ್ಪೇನಿನವರು, ಫ್ರೆಂಚರು ಆಗಿರಬಾರದು. ಪೋಪನ ಬಗ್ಗೆ ಏನು ನಂಬಬೇಕು ಅಂತ ಒಂದು ಷರತ್ತೂ ಇಲ್ಲ. ಪಾಸ್‌ಪೋರ್ಟ್ ಮಾತ್ರ ನೋಡಿದರು.

ಮದ್ರಾಸಿನಲ್ಲಿ ಇಂಗ್ಲಿಷರು ಇದನ್ನ ಇನ್ನೂ ಮೊದಲೇ ಮಾಡಿದ್ದರು. 1642ರಲ್ಲಿ ಎಫ್ರೇಂ ಅನ್ನುವ ಫ್ರೆಂಚ್ ಕಪುಚಿನ್ ಸಂನ್ಯಾಸಿ ಬೇರೆಲ್ಲಿಗೋ ಹೊರಟಿದ್ದವನನ್ನ ಕರೆದು ಉಳಿಸಿಕೊಂಡರು. ತಮ್ಮ ಕೋಟೆಯ ಸುತ್ತಲಿನ ಕ್ಯಾಥೊಲಿಕರು ಪಕ್ಕದ ಸಾಂಥೋಮಿನ ಪೋರ್ಚುಗೀಸ್ ಪಾದ್ರಿಗಳ ಮಾತು ಕೇಳೋದು ಕಂಪನಿಗೆ ಬೇಡವಾಗಿತ್ತು. ಪೋರ್ಚುಗೀಸರು ಸುಮ್ಮನಿರಲಿಲ್ಲ. 1649ರಲ್ಲಿ ಎಫ್ರೇಂನನ್ನ ಸಾಂಥೋಮಿನಲ್ಲಿ ಹಿಡಿದು ಗೋವಾದ ಇನ್‌ಕ್ವಿಜಿಷನ್ ಜೈಲಿಗೆ ತಂದು ಹಾಕಿದರು. ಕ್ಯಾಥೊಲಿಕ್ ನ್ಯಾಯಾಲಯದ ಕೈಯಿಂದ ಕ್ಯಾಥೊಲಿಕ್ ಸಂನ್ಯಾಸಿಗೆ ಜೈಲು, ಅವನನ್ನ ವಾಪಸ್ ಬರಮಾಡಿಕೊಂಡದ್ದು ಪ್ರೊಟೆಸ್ಟೆಂಟ್ ಕಂಪನಿ.

ಈಗ ಸುಂಕೇರಿಗೆ ಬರೋಣ. ಇವತ್ತು ಅದು ಕಾರವಾರದ ಒಂದು ಭಾಗ, ಕಡವಾಡದ ರಸ್ತೆಯಲ್ಲಿ ಸೇತುವೆ ದಾಟುವ ಮೊದಲು ಸಿಗುತ್ತೆ. ಗೋವಾದಲ್ಲಿ ಇಟಲಿಯ ಕಾರ್ಮೆಲೈಟರ ಒಂದು ಮಠ ಇತ್ತು. ಪೋರ್ಚುಗಲ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿ ಅಂತ ಅವರಿಗೆ ಆಜ್ಞೆ ಆಯಿತು. ನಾವು ಪೋಪನ ಜನ, ರಾಜನಿಗೆ ಪ್ರಮಾಣ ಮಾಡೋದಿಲ್ಲ ಅಂದರು. 18ನೇ ಶತಮಾನದ ಮೊದಲ ದಶಕದಲ್ಲಿ ಅವರನ್ನ ಗೋವಾದಿಂದ ಹೊರಹಾಕಿದರು. ನಮ್ಮ ಸಾರಸ್ವತರು ದಾಟಿದ ಹೊಳೆಯನ್ನೇ ಇವರೂ ದಾಟಿ ಬಂದರು. ಸುಂಕೇರಿ ಅವರ ಒಂದು ನೆಲೆಯಾಯಿತು. ಗೋವಾ ಓಡಿಸಿದವರಿಗೆ ಕಾರವಾರ ಜಾಗ ಕೊಡೋದು ಹೊಸತೇನಲ್ಲ. ಆದರೆ ಈ ಸಲ ಬಂದವರು ಹಿಂದೂಗಳಲ್ಲ, ಪೋಪನ ಸಂನ್ಯಾಸಿಗಳು.

ಇದಾದ ಹತ್ತು ಹನ್ನೆರಡು ವರ್ಷಕ್ಕೆ ಮುಂಬೈಯಲ್ಲಿ ದೊಡ್ಡ ತಿರುವು. ಅಲ್ಲಿನ ಇಗರ್ಜಿಗಳಲ್ಲಿ ಪೋರ್ಚುಗೀಸ್ ಫ್ರಾನ್ಸಿಸ್ಕನ್ ಪಾದ್ರಿಗಳಿದ್ದರು. ಅವರ ನಿಷ್ಠೆ ಗೋವಾಕ್ಕೆ, ಗೋವಾದ ಮೂಲಕ ಲಿಸ್ಬನ್‌ಗೆ. 1720ರಲ್ಲಿ ಕಂಪನಿಯ ಗವರ್ನರ್ ಚಾರ್ಲ್ಸ್ ಬೂನ್ ಅವರೆಲ್ಲರನ್ನ ದ್ವೀಪ ಬಿಟ್ಟು ಹೋಗಿ ಅಂದ. ಇಗರ್ಜಿಗಳನ್ನ ಕಾರ್ಮೆಲೈಟ್ ಬಿಷಪ್ ಮಾರಿಸ್‌ಗೆ ಒಪ್ಪಿಸಿದ. ಅಂದರೆ ನವೆಂಬರ್ 5ಕ್ಕೆ ಪೋಪನ ಕಡೆಯವರ ಸಂಚಿನಿಂದ ಪಾರುಮಾಡಿದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳುವ ಪ್ರಾರ್ಥನಾ ಪುಸ್ತಕದ ಗವರ್ನರ್, ಪೋಪ್ ನೇರವಾಗಿ ನೇಮಿಸಿದ ಬಿಷಪ್‌ಗೆ ಮುಂಬೈಯ ಕ್ಯಾಥೊಲಿಕರನ್ನ ಕೈಯಾರೆ ಕೊಟ್ಟ. ಪೋಪ್ ದೂರದಲ್ಲಿದ್ದ, ಅವನ ಬಳಿ ಅರಬ್ಬೀ ಸಮುದ್ರದಲ್ಲಿ ಹಡಗಿರಲಿಲ್ಲ. ಪೋರ್ಚುಗಲ್ ರಾಜನ ಹಡಗು ವಸಾಯಿಯಲ್ಲೇ ಇತ್ತು. ಅಷ್ಟೇ ವಿಷಯ. ಮುಂಬೈ ಜನ ಇದನ್ನ ಒಪ್ಪಿ ಸುಮ್ಮನಾದರು ಅಂತಲ್ಲ. ಗೋವಾ ಕಡೆಯವರ ಜಗಳ ಮುಗಿಯದೆ 1794ರಲ್ಲಿ ಕಂಪನಿಯೇ ಇಗರ್ಜಿಗಳನ್ನ ಎರಡು ಪಾಲು ಮಾಡಿ ಹಂಚಿತು. ಅಣ್ಣ ತಮ್ಮಂದಿರ ತೆಂಗಿನ ತೋಟದ ಹಿಸ್ಸೆ ಥರ.

ಹಾಗಾದರೆ ಪ್ರೊಟೆಸ್ಟೆಂಟರ ಪೋಪ್ ವಿರೋಧ ಬರೀ ನಾಟಕವೋ? ಖಂಡಿತ ಅಲ್ಲ. ಮನೆಯ ಒಳಗೆ ಬಂದಾಗ ಅದು ನಿಜವಾಗಿತ್ತು. ಕಂಪನಿಯ ಸಿಪಾಯಿಗಳು, ಗುಮಾಸ್ತರು ಪೋರ್ಚುಗೀಸ್ ಮೂಲದ ಕ್ಯಾಥೊಲಿಕ್ ಹೆಣ್ಣುಗಳನ್ನ ಮದುವೆಯಾಗುತ್ತಿದ್ದರು. ಮಕ್ಕಳು ಯಾವ ಕಡೆ? 1680ರಲ್ಲಿ ಮದ್ರಾಸ್ ಕೌನ್ಸಿಲ್ ನಿಯಮ ಮಾಡಿತು: ಇಂಥ ಮದುವೆಗೆ ಮೊದಲೇ ಇಬ್ಬರೂ ಮಾತು ಕೊಡಬೇಕು, ಹುಟ್ಟುವ ಮಕ್ಕಳೆಲ್ಲ ಪ್ರೊಟೆಸ್ಟೆಂಟರಾಗೇ ಬೆಳೆಯಬೇಕು. ಪಾದ್ರಿ ವಿಷಯಕ್ಕೆ ರಾಜಿ, ಮಕ್ಕಳ ವಿಷಯಕ್ಕೆ ಇಲ್ಲ.

ಇದನ್ನ ಓದುವಾಗ ನನಗೆ ನೆನಪಾ‌ದದ್ದು ನನ್ನ ಹಳೇ ಟೀಮಿನ ಒಬ್ಬ ದೋಸ್ತ. ಧಾರವಾಡದ ಸಿಎಸ್‌ಐ ಮನೆತನ. ಹುಡುಗಿ ಕಾರವಾರದ ಕ್ಯಾಥೊಲಿಕ್. ಇಬ್ಬರೂ ಸಾಫ್ಟ್‌ವೇರ್, ಇಬ್ಬರದ್ದೂ ಒಳ್ಳೆ ಸಂಬಳ. ಎರಡೂ ಮನೆಯವರು ಕ್ರಿಶ್ಚನರೇ ಅಲ್ಲವಾ, ಇನ್ನೇನು ತೊಂದರೆ ಅಂತ ನಾವೆಲ್ಲ ಪಾರ್ಟಿ ಕೇಳಿಯೂ ಆಗಿತ್ತು. ಒಂದೂವರೆ ವರ್ಷ ಎಳೆಯಿತು. ಕ್ಯಾಥೊಲಿಕ್ ನಿಯಮದ ಪ್ರಕಾರ ಬಿಷಪ್ ಕಡೆಯಿಂದ ಅನುಮತಿ ಬೇಕು, ಮಕ್ಕಳನ್ನ ಕ್ಯಾಥೊಲಿಕರಾಗಿ ಬೆಳೆಸಲು ಕೈಲಾದಷ್ಟು ಪ್ರಯತ್ನ ಮಾಡುತ್ತೇನೆ ಅಂತ ಹುಡುಗಿ ಮಾತು ಕೊಡಬೇಕು. ಇತ್ತ ಹುಡುಗನ ಅಜ್ಜಿ, ‘ಮೂರ್ತಿಗೆ ಮೇಣದಬತ್ತಿ ಹಚ್ಚೂದ ಬಿಟ್ಟು ಎಷ್ಟು ತಲಿಮಾರಾತು, ಈಗ ಮೊಮ್ಮಕ್ಕಳ ಕೈಲೆ ಮತ್ತ ಹಚ್ಚಸ್ತೀರೇನಪಾ’ ಅಂತ ಕೇಳಿದ್ದರಂತೆ. ಅವರಿಗೆ ಪೋರ್ಚುಗಲ್ ಗೊತ್ತಿಲ್ಲ, ಲೂಥರನ 95 ವಾದಗಳೂ ಗೊತ್ತಿರಲಿಕ್ಕಿಲ್ಲ. ಅವರಿಗಿದ್ದದ್ದು ಒಂದೇ ಭಯ, ಮೊಮ್ಮಕ್ಕಳು ತಮ್ಮವರಾಗಿ ಉಳಿಯೋದಿಲ್ಲ ಅನ್ನೋದು. ಕೊನೆಗೆ ಮದುವೆ ಆಯಿತು, ಕಾರವಾರದ ಇಗರ್ಜಿಯಲ್ಲೇ. ಅಜ್ಜಿ ಬಂದಿದ್ದರು. ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಆ ಅಜ್ಜಿಯ ಪಂಥ ಕನ್ನಡ ನಾಡಿಗೆ ಬಂದ ದಾರಿ ಬೇರೆ. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು. ಸಂಸ್ಥೆ ಸ್ವಿಟ್ಜರ್ಲೆಂಡಿನದು, ಜನರಲ್ಲಿ ಹೆಚ್ಚಿನವರು ಜರ್ಮನಿಯ ವುರ್ಟೆಂಬರ್ಗ್‌ನವರು. 1837ರ ಹೊತ್ತಿಗೆ ಧಾರವಾಡದಲ್ಲೂ ಕೆಲಸ ಶುರು. 1841ರಲ್ಲಿ ಮಂಗಳೂರಿನಲ್ಲಿ ಪ್ರೆಸ್, 1843ರಲ್ಲಿ ಮೋಗ್ಲಿಂಗ್‌ನ ‘ಮಂಗಳೂರ ಸಮಾಚಾರ’, 1894ರಲ್ಲಿ ಕಿಟೆಲ್ ನಿಘಂಟು. ಇದೆಲ್ಲ ನಿಮಗೆ ಗೊತ್ತಿರುವ ಕತೆ. ಇವರ ಹಿಂದೆ ಫಿರಂಗಿಯಾಗಲಿ ರಾಜನ ಹಡಗಾಗಲಿ ಇರಲಿಲ್ಲ. ಹಾಗಾಗಿ ಮಂಗಳೂರಿನಲ್ಲಿ ಪೋಪನ ಜಗಳ ಮೊದಲ ಬಾರಿಗೆ ಶುದ್ಧ ವಿಚಾರದ ಜಗಳ ಆಯಿತು. ಮೂರ್ತಿ, ಮರಿಯಮ್ಮ, ಸಂತರು, ಪೋಪನ ಮಾತು ದೊಡ್ಡದೋ ಬೈಬಲ್ ದೊಡ್ಡದೋ. ಶಾಲೆಯ ಪೈಪೋಟಿ ಅದಕ್ಕೆ ಸೇರಿಕೊಂಡಿತು. ಮಿಷನ್ ಶಾಲೆಗಳು ಮುಂದೆ ಹೋಗುತ್ತಿದ್ದವು, ತಮ್ಮ ಹುಡುಗರಿಗೆ ಇಂಗ್ಲಿಷ್ ಕಲಿಸುವವರು ಬೇಕು ಅಂತ ಮಂಗಳೂರಿನ ಕ್ಯಾಥೊಲಿಕರು ರೋಮಿಗೆ ಅರ್ಜಿ ಮೇಲೆ ಅರ್ಜಿ ಹಾಕಿದರು. 1878ರ ಡಿಸೆಂಬರ್ 31ರಂದು ಜೆಸ್ವಿಟರು ಬಂದಿಳಿದರು. 1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು.

ಈ ಜೆಸ್ವಿಟರ ಗುಂಪಿನಲ್ಲಿ ಆಂಜೆಲೊ ಮಾಫೆಯಿ ಅನ್ನುವವನೊಬ್ಬ ಇದ್ದ. ಕೊಂಕಣಿ ಕಲಿತ. ಸ್ಟೀಫನ್ಸ್‌ನ ವ್ಯಾಕರಣ ಬಂದು ಇನ್ನೂರ ನಲವತ್ತು ವರ್ಷದ ಮೇಲೆ ಇನ್ನೊಬ್ಬ ಜೆಸ್ವಿಟ್ ಹೊಸದಾಗಿ ಕೊಂಕಣಿ ವ್ಯಾಕರಣ ಬರೆದ. 1882ರಲ್ಲಿ ಅದು ಅಚ್ಚಾಯಿತು. 1883ರಲ್ಲಿ ಅವನ ಇಂಗ್ಲಿಷ್-ಕೊಂಕಣಿ ನಿಘಂಟು. ಎರಡರ ಮೊದಲ ಪುಟದಲ್ಲೂ ಮುದ್ರಕರ ಹೆಸರು ನೋಡಿ: ಬಾಸೆಲ್ ಮಿಷನ್ ಪ್ರೆಸ್, ಮಂಗಳೂರು.

ಇದರ ಬೆಲೆ ಗೊತ್ತಾಗಬೇಕಾದರೆ ಅದೇ ವರ್ಷಗಳ ಯುರೋಪ್ ನೋಡಬೇಕು. 1870ರಲ್ಲಿ ವ್ಯಾಟಿಕನ್ ಸಭೆ, ಪೋಪ್ ಧರ್ಮದ ವಿಷಯದಲ್ಲಿ ಪೀಠದಿಂದ ಅಧಿಕೃತವಾಗಿ ಹೇಳಿದ್ದು ತಪ್ಪಾಗಲಾರದು ಅಂತ ನಿರ್ಣಯ ಮಾಡಿತ್ತು. ಪ್ರೊಟೆಸ್ಟೆಂಟರಿಗೆ ಇದಕ್ಕಿಂತ ದೊಡ್ಡ ಕೆಣಕು ಬೇಕಿರಲಿಲ್ಲ. 1872ರಲ್ಲಿ ಬಿಸ್ಮಾರ್ಕ್‌ನ ಜರ್ಮನಿ ಜೆಸ್ವಿಟ್ ಸಂಘವನ್ನ ಕಾನೂನು ಮಾಡಿ ನಿಷೇಧಿಸಿತು. ಅದು ಪೂರ್ತಿ ರದ್ದಾದದ್ದು 1917ರಲ್ಲಿ. 1874ರ ಸ್ವಿಟ್ಜರ್ಲೆಂಡಿನ ಸಂವಿಧಾನದಲ್ಲೂ ಜೆಸ್ವಿಟರಿಗೆ ನಿಷೇಧ. ಅದನ್ನ ತೆಗೆದದ್ದು 1973ರಲ್ಲಿ! ಅಂದರೆ ಬಾಸೆಲ್ ಮಿಷನ್ನಿನ ಎರಡು ತವರು ದೇಶಗಳಲ್ಲೂ ಮಾಫೆಯಿಯ ಸಂಘಕ್ಕೆ ಕಾನೂನಿನಲ್ಲಿ ಜಾಗ ಇರಲಿಲ್ಲ. ಅದೇ ಹೊತ್ತಿಗೆ ಮಂಗಳೂರಿನಲ್ಲಿ ಅವರ ಪ್ರೆಸ್ಸು ಅವನ ಪುಸ್ತಕಕ್ಕೆ ಮೊಳೆ ಜೋಡಿಸುತ್ತಿತ್ತು. ಪ್ರೂಫ್ ತಿದ್ದುವಾಗ ಅತ್ತಿಂದಿತ್ತ ಎಷ್ಟು ಸಲ ಹಾಳೆ ಓಡಾಡಿರಬೇಕು ಯೋಚಿಸಿ. ದುಡ್ಡಿನ ವ್ಯವಹಾರ, ಅದರಲ್ಲೇನು ದೊಡ್ಡಸ್ತಿಕೆ ಅಂತ ಕೇಳಬಹುದು. ಸರಿ. ಬರ್ಲಿನ್‌ನಲ್ಲಿ ದುಡ್ಡು ಕೊಟ್ಟರೂ ಆಗದಿದ್ದದ್ದು ಇಲ್ಲಿ ಆಯಿತು ಅನ್ನೋದಷ್ಟೇ ನನ್ನ ಮಾತು. ಹೆಚ್ಚು ದಿನ ನಡೆಯಲಿಲ್ಲ ಅನ್ನೋದೂ ನಿಜ, ಬೇಗನೇ ಕ್ಯಾಥೊಲಿಕರು ಕೊಡಿಯಾಲಬೈಲಿನಲ್ಲಿ ತಮ್ಮದೇ ಪ್ರೆಸ್ ಮಾಡಿಕೊಂಡರು. ಸ್ಟೀಫನ್ಸ್‌ನ ‘ಕ್ರಿಸ್ತ ಪುರಾಣ’ವನ್ನ ಕೈಬರಹದ ಪ್ರತಿಗಳಿಂದ ಹೊಂದಿಸಿ 1907ರಲ್ಲಿ ಮತ್ತೆ ಅಚ್ಚು ಮಾಡಿದ್ದೂ ಮಂಗಳೂರಿನವರೇ.

ರಾಜನ ವಿಷಯ ಮಾತ್ರ ಮತ್ತೆ ತಲೆ ಎತ್ತಿತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಪ್ರೊಟೆಸ್ಟೆಂಟ್ ಬ್ರಿಟಿಷ್ ಸರ್ಕಾರ ಪ್ರೊಟೆಸ್ಟೆಂಟ್ ಬಾಸೆಲ್ ಮಿಷನ್ನಿನ ಜರ್ಮನರನ್ನ ಶಿಬಿರಕ್ಕೆ ಹಾಕಿತು. ಹೆಂಚಿನ ಕಾರ್ಖಾನೆ, ನೇಯ್ಗೆ ಎಲ್ಲ ಕೈತಪ್ಪಿ ಹೋಯಿತು. ಮುಂಬೈಯ ಜರ್ಮನ್ ಜೆಸ್ವಿಟರಿಗೂ ಅದೇ ಗತಿ. ಇಬ್ಬರೂ ಜರ್ಮನರು, ಪೋಪ್ ಬೇಕೋ ಬೇಡವೋ ಅಂತ ಯಾರೂ ಕೇಳಲಿಲ್ಲ.

ಇಷ್ಟೆಲ್ಲ ಆದರೂ ನಮ್ಮ ಕಾರವಾರ, ಅಂಕೋಲೆ ಕಡೆ ಮಾತ್ರ ಪದ್ರುವಾದೊ ಬಾಲ ತುಂಡಾಗಿರಲಿಲ್ಲ. 1886ರಲ್ಲಿ ಪೋಪ್ ಹದಿಮೂರನೇ ಲಿಯೊ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಗಿ ಭಾರತದ ಗಡಿಗಳನ್ನ ಹೊಸದಾಗಿ ಹಂಚಿದಾಗ ಮಂಗಳೂರಿಗೆ ತನ್ನದೇ ಬಿಷಪ್ ಸಿಕ್ಕಿದ, ಉತ್ತರ ಕನ್ನಡ ಗೋವಾದ ಪಾಲಿಗೆ ಹೋಯಿತು. ರಾಜನಿಗೆ ಪ್ರಮಾಣ ಮಾಡೋದಿಲ್ಲ ಅಂತ ಹೊಳೆ ದಾಟಿದ ಕಾರ್ಮೆಲೈಟರ ಸುಂಕೇರಿ ಕೂಡ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗಲೂ, 1947ರಲ್ಲಿ ಧ್ವಜ ಹಾರಿಸಿದಾಗಲೂ ಇಲ್ಲಿನ ಕ್ಯಾಥೊಲಿಕರ ಧರ್ಮಾಧಿಕಾರಿ ಇದ್ದದ್ದು ಪೋರ್ಚುಗೀಸ್ ಗೋವಾದಲ್ಲಿ. ನೆಹರೂ ಸರ್ಕಾರಕ್ಕೆ ಪೋಪನ ಬಗ್ಗೆ ತಕರಾರಿರಲಿಲ್ಲ, 1948ರಲ್ಲೇ ವ್ಯಾಟಿಕನ್ ಜೊತೆ ರಾಯಭಾರ ಸಂಬಂಧ ಆಗಿತ್ತು. ಭಾರತದ ನೆಲದ ಬಿಷಪ್ ನೇಮಕದಲ್ಲಿ ಲಿಸ್ಬನ್ ಮಾತು ನಡೆಯೋದು ಮಾತ್ರ ಸರಿಬರಲಿಲ್ಲ. 1720ರಲ್ಲಿ ಬೂನ್ ಯೋಚಿಸಿದ್ದೂ ಇದನ್ನೇ ತಾನೇ? 1950ರ ಜುಲೈನಲ್ಲಿ ಪೋರ್ಚುಗಲ್ ತನ್ನ ವಸಾಹತುಗಳ ಹೊರಗಿನ ಆ ಹಕ್ಕನ್ನ ಬಿಟ್ಟುಕೊಟ್ಟಿತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಹುಟ್ಟಿ ಉತ್ತರ ಕನ್ನಡದ ಇಗರ್ಜಿಗಳು ಗೋವಾದಿಂದ ಅದರ ಕೆಳಗೆ ಬಂದವು. 1976ರ ಜನವರಿಯಲ್ಲಿ ಕಾರವಾರಕ್ಕೇ ಸ್ವಂತ ಧರ್ಮಪ್ರಾಂತ್ಯ, ಮೊದಲ ಬಿಷಪ್ ವಿಲಿಯಂ ಲಿಯೊನಾರ್ಡ್ ಡಿಮೆಲ್ಲೊ. ನೇಮಿಸಿದ್ದು ಪೋಪ್ ಆರನೇ ಪೌಲ್. ಲಿಸ್ಬನ್‌ನಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ.